ನಿಮಗೇನಿಷ್ಟ ಎಂದು ಕೇಳಿದರೆ...

ನಮ್ಮ ಶಾಲೆಯಲ್ಲಿ ಪ್ರತಿ ವರ್ಷ ಜೂನ್ ತಿಂಗಳಲ್ಲಿ ತಾಯಂದಿರ ಸಭೆ ನಡೆಯುತ್ತದೆ. ಬಂದವರಿಗೆಲ್ಲ ಒಂದು ಹಾಳೆ ಕೊಟ್ಟು ತುಂಬಿಸಿಕೊಳ್ಳುವುದು ರೂಢಿ. ಮಗುವಿಗೆ ಇಷ್ಟವಾದ ತಿಂಡಿ ಯಾವುದು, ಯಾವ ಆಟ ಆಡುತ್ತದೆ, ಯಾವುದಕ್ಕೆ ಹೆದರುತ್ತದೆ ಎಂಬ ಸಾಲುಗಳನ್ನು ತಾಯಂದಿರು ಸರಸರನೆ ತುಂಬುತ್ತಾರೆ. ಜಾಗ ಸಾಲದೆ ಅಂಚಿನಲ್ಲಿಯೂ ಬರೆಯುತ್ತಾರೆ. ಹಾಳೆಯ ಕೊನೆಯಲ್ಲಿ ‘ತಾಯಿಯ ಹವ್ಯಾಸ’ ಎಂದು ಒಂದು ಸಾಲಿದೆ. ಅಲ್ಲಿಗೆ ಬಂದಾಗ ಪೆನ್ನು ನಿಲ್ಲುತ್ತದೆ. ಕೆಲವರು ಪಕ್ಕದವರ ಹಾಳೆಯನ್ನು ಇಣುಕಿ ನೋಡುತ್ತಾರೆ. ಹೆಚ್ಚಿನವರು ‘ಅಡುಗೆ’ ಎಂದು ಬರೆಯುತ್ತಾರೆ. ಒಬ್ಬರು ‘ನಿದ್ದೆ’ ಎಂದು ಬರೆದಿದ್ದರು. ಅವರೇ ಹೆಚ್ಚು ಪ್ರಾಮಾಣಿಕರು ಎಂದು ನನಗೆ ಅನಿಸಿತು.

ದಿನಕ್ಕೆ ಮೂರು ಹೊತ್ತು ಮಾಡಲೇಬೇಕಾದ ಕೆಲಸವನ್ನು ಹವ್ಯಾಸ ಎನ್ನಲಾಗದು. ಯಾರೂ ಹೇಳದಿದ್ದರೂ, ಯಾರಿಗೂ ಲಾಭವಿಲ್ಲದಿದ್ದರೂ ಕೈ ತಾನಾಗಿ ಹೋಗುವ ಕೆಲಸವೇ ಹವ್ಯಾಸ. ಅಂಥದ್ದೊಂದು ತನಗೂ ಇರಬಹುದು ಎಂಬ ಯೋಚನೆ ನಮ್ಮ ಮನೆಗಳ ಹೆಣ್ಣುಮಕ್ಕಳಿಗೆ ಮದುವೆಯಾದ ಕೂಡಲೇ ಮರೆತುಹೋಗುತ್ತದೆ. ಮರೆಸುವವರು ಅತ್ತೆ ಮಾವಂದಿರೇ ಆಗಬೇಕೆಂದಿಲ್ಲ. ನಾವೇ ನಮ್ಮನ್ನು ಮರೆಯುತ್ತೇವೆ.

“ಇದೆಲ್ಲ ಕಾಲಹರಣ, ಒಳ್ಳೆಯ ಮನೆತನದ ಹೆಂಗಸರಿಗೆ ಸಲ್ಲದು” ಎನ್ನುವ ಹಿರಿಯರಿದ್ದಾರೆ. ಪ್ರವಾದಿವರ್ಯರು(ಸ) ಪತ್ನಿ ಹ. ಆಯಿಶಾ(ರ)ರೊಂದಿಗೆ ಓಟದ ಪಂದ್ಯ ಮಾಡಿದ್ದು ಹದೀಸ್ ಗ್ರಂಥಗಳಲ್ಲಿಯೇ ಇದೆ. ಒಮ್ಮೆ ಅವರು ಗೆದ್ದರು, ಮುಂದೊಮ್ಮೆ ಇವರು ಗೆದ್ದರು. ಇನ್ನು ನಮ್ಮ ನಾಡಿನ ಮಾತು. ಬಿಜಾಪುರದ ಸುಲ್ತಾನ ಒಂದನೇ ಅಲಿ ಆದಿಲ್ ಶಾಹಿಯ ಪತ್ನಿ ಚಾಂದ್ ಬೀಬಿ, 1580ರಲ್ಲಿ ಪತಿಯ ಕೊಲೆಯಾದ ಮೇಲೆ ಒಂಬತ್ತು ವರ್ಷದ ಬಾಲಕ ಇಬ್ರಾಹೀಮನ ಪರವಾಗಿ ರಾಜ್ಯಭಾರ ನೋಡಿಕೊಂಡವಳು. ಅಧಿಕಾರಕ್ಕಾಗಿ ಕಚ್ಚಾಡುತ್ತಿದ್ದ ಸರದಾರರ ನಡುವೆ ಸಿಲುಕಿ ಸಾತಾರಾದ ಕೋಟೆಯಲ್ಲಿ ಸೆರೆಯನ್ನೂ ಅನುಭವಿಸಿದಳು. ಮುಂದೆ ತವರೂರು ಅಹ್ಮದ್‌ನಗರಕ್ಕೆ ಮರಳಿ, 1595-96ರಲ್ಲಿ ಮೊಗಲರ ಮುತ್ತಿಗೆಯನ್ನು ಎದುರಿಸಿದಳು. ಒಡೆದ ಕೋಟೆಗೋಡೆಯನ್ನು ರಾತ್ರೋರಾತ್ರಿ ನಿಂತು ಕಟ್ಟಿಸಿದಳು. ಇಂಥವಳು ಹೂವುಗಳ ಚಿತ್ರ ಬಿಡಿಸುತ್ತಿದ್ದಳು, ಸಿತಾರ್ ನುಡಿಸುತ್ತಿದ್ದಳು, ಅರಬಿ ಪಾರಸಿಗಳ ಜೊತೆಗೆ ಮರಾಠಿ, ಕನ್ನಡವನ್ನೂ ಬಲ್ಲವಳಾಗಿದ್ದಳು ಎಂದು ಹೇಳುತ್ತಾರೆ. ರಾಜ್ಯವನ್ನು ಹೊತ್ತವಳಿಗೆ ಹೂವು ಬಿಡಿಸಲು ಸಮಯ ಸಿಕ್ಕಿತು. ನಾಲ್ಕು ಕೋಣೆಯ ಮನೆ ಹೊತ್ತ ನಮಗೆ ಸಿಗುವುದಿಲ್ಲ ಎಂದರೆ ಲೆಕ್ಕದಲ್ಲಿ ಎಲ್ಲೋ ತಪ್ಪಿದೆ.

ಹವ್ಯಾಸಕ್ಕೆ ಹಣ ಬೇಕು, ಹೊರಗೆ ಹೋಗಬೇಕು ಎಂಬ ಭಯ ಬೇಡ. ಕೈಯಲ್ಲಿರುವ ಫೋನು, ಇರುವ ಶರೀರ, ಹುಟ್ಟಿದ ಊರು ಎಂಬ ಮೂರನ್ನಷ್ಟೇ ಇಲ್ಲಿ ತೆಗೆದುಕೊಳ್ಳುತ್ತೇನೆ. ಇವು ಎಲ್ಲರ ಬಳಿಯೂ ಇವೆ.

ಕೈಯೊಳಗಿನ ಕಿಟಕಿ

2016ರಲ್ಲಿ ಅಗ್ಗದ ಇಂಟರ್‌ನೆಟ್ ಬಂದ ಮೇಲೆ ಸ್ಮಾರ್ಟ್ ಫೋನ್ ನಮ್ಮ ಅಡುಗೆಮನೆಯವರೆಗೂ ಬಂದುಬಿಟ್ಟಿದೆ. ಆದರೆ ಅದರಲ್ಲಿ ನಾವು ನೋಡುವುದು ಯಾರೋ ಕಳುಹಿಸಿದ್ದನ್ನು. ನಾದಿನಿ ಕಳುಹಿಸಿದ ವೀಡಿಯೊ, ಪಕ್ಕದ ಮನೆಯವರು ಕಳುಹಿಸಿದ ಔಷಧಿ, ಗ್ರೂಪಿನಲ್ಲಿ ಬಂದ ಸುದ್ದಿ. ಬ್ರೌಸರ್ ಎಂಬುದು ಹಾಗಲ್ಲ. ಅಲ್ಲಿ ಏನೂ ತಾನಾಗಿ ಬರುವುದಿಲ್ಲ. ನಿಮಗೇನು ಬೇಕು ಎಂದು ಅದು ಖಾಲಿ ಪಟ್ಟಿ ತೋರಿಸಿ ಕಾಯುತ್ತದೆ. ಆ ಪಟ್ಟಿಯ ಮುಂದೆ ಕುಳಿತಾಗಲೂ ನಮಗೆ ತಾಯಂದಿರ ಸಭೆಯ ಕೊನೆಯ ಸಾಲಿನದೇ ಗತಿ!

ಈ ಕಿಟಕಿಗೆ ಹೆಚ್ಚು ವಯಸ್ಸಾಗಿಲ್ಲ. 1990ರಲ್ಲಿ ಟಿಮ್ ಬರ್ನರ್ಸ್-ಲೀ ಎಂಬ ವಿಜ್ಞಾನಿ ಸ್ವಿಟ್ಜರ್‌ಲೆಂಡಿನ ಸರ್ನ್ ಸಂಸ್ಥೆಯಲ್ಲಿ ಮೊದಲ ಬ್ರೌಸರ್ ಬರೆದರು. 1993ರಲ್ಲಿ ಮೊಸಾಯಿಕ್ ಬಂದಾಗ ಬರಹದ ನಡುವೆಯೇ ಚಿತ್ರ ನೋಡುವುದು ಜನಸಾಮಾನ್ಯರಿಗೂ ಸುಲಭವಾಯಿತು. ಆಮೇಲೆ ನೆಟ್‌ಸ್ಕೇಪ್, 1995ರಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್, 2004ರಲ್ಲಿ ಫೈರ್‌ಫಾಕ್ಸ್, 2008ರಲ್ಲಿ ಕ್ರೋಮ್. ನಾವು ಬಿ.ಎ. ಓದುವಾಗ ಸೈಬರ್ ಕೆಫೆಗಳಲ್ಲಿ ಕಾಣುತ್ತಿದ್ದ ನೀಲಿ ‘ಇ’ ಅಕ್ಷರದ ಎಕ್ಸ್‌ಪ್ಲೋರರ್‌ಗೆ 2022ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ಕಂಪೆನಿಯೇ ವಿದಾಯ ಹೇಳಿತು. ಆಗೆಲ್ಲ ಕನ್ನಡದ ಪತ್ರಿಕೆ ತೆರೆದರೆ ಅಕ್ಷರಗಳ ಬದಲು ಚೌಕಗಳೂ ವಿಚಿತ್ರ ಚಿಹ್ನೆಗಳೂ ಕಾಣುತ್ತಿದ್ದವು. ಒಂದೊಂದು ಪತ್ರಿಕೆಗೂ ಒಂದೊಂದು ಫಾಂಟ್ ಹಾಕಿಕೊಳ್ಳಬೇಕಿತ್ತು. ಯುನಿಕೋಡ್ ವ್ಯವಸ್ಥೆ ಎಲ್ಲೆಡೆ ನೆಲೆಯೂರಿದ ಮೇಲೆ ಆ ಕಾಟ ತಪ್ಪಿತು. ಈಗ ಕನ್ನಡದಲ್ಲಿಯೇ ಕೇಳಬಹುದು, ಬರೆಯಲು ಬಾರದಿದ್ದರೆ ಮೈಕಿನ ಗುರುತು ಒತ್ತಿ ಮಾತಾಡಬಹುದು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ಇದೆ. ಚಾಂದ್ ಬೀಬಿಯ ಹೆಸರಿನಿಂದಲೇ ಹುಡುಕಾಟ ಆರಂಭಿಸಿ ನೋಡಿ.

ಕೆಲವು ಸಂಗತಿಗಳನ್ನು ಮಾತ್ರ ಗೊತ್ತುಮಾಡಿಕೊಂಡೇ ಇಳಿಯಬೇಕು. ಯಾವುದೋ ಪುಟ ತೆರೆದ ಕೂಡಲೇ ‘ಅಲೋ’ ಒತ್ತಿ ಎಂದು ಒಂದು ಪಟ್ಟಿ ಹಾರಿ ಬರುತ್ತದೆ. ಒತ್ತಿದರೆ ಹಗಲು ರಾತ್ರಿ ಜಾಹೀರಾತುಗಳು ಫೋನಿನ ಮೇಲೆ ಉದುರುತ್ತವೆ. ‘ಬ್ಲಾಕ್’ ಒತ್ತಿದರೆ ಏನೂ ನಷ್ಟವಿಲ್ಲ. ವಿಳಾಸದ ಮುಂದೆ ಬೀಗದ ಚಿತ್ರ ಇದ್ದರೆ ಆ ತಾಣ ನಂಬಿಗಸ್ತರದು ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ. ನೀವು ಕಳುಹಿಸುವುದನ್ನು ದಾರಿಯಲ್ಲಿ ಬೇರೆಯವರು ಓದಲಾರರು ಎಂದಷ್ಟೇ ಅದರ ಅರ್ಥ. ಆಚೆ ತುದಿಯಲ್ಲಿ ಕುಳಿತವನೇ ಕಳ್ಳನಾಗಿದ್ದರೆ ಬೀಗ ಏನು ಮಾಡೀತು? ಜನ ಹೀಗೆ ಮೋಸ ಹೋಗುತ್ತಾರೆಂದೇ ಕ್ರೋಮ್ 2023ರಲ್ಲಿ ಬೀಗದ ಚಿತ್ರವನ್ನು ತೆಗೆದು ಬೇರೆ ಗುರುತು ಹಾಕಿತು. ಹಾಗೆಯೇ ‘ಇನ್‌ಕಾಗ್ನಿಟೋ’ ಎಂಬ ಕಪ್ಪು ಪುಟ. ಅದರಲ್ಲಿ ನೋಡಿದ್ದು ಆ ಫೋನಿನ ಹಿಸ್ಟರಿಯಲ್ಲಿ ಉಳಿಯುವುದಿಲ್ಲ, ಅಷ್ಟೇ. ಇಂಟರ್‌ನೆಟ್ ಕೊಡುವ ಕಂಪೆನಿಗೂ ನೀವು ಹೋದ ತಾಣಕ್ಕೂ ನಿಮ್ಮ ಹೆಜ್ಜೆ ಕಾಣುತ್ತಲೇ ಇರುತ್ತದೆ. ಇದನ್ನು ಮಕ್ಕಳಿಗೆ ಅಬ್ಬರಿಸಿ ಹೇಳಬೇಡಿ, ತಿಳಿಸಿ ಹೇಳಿ.

ಹಿಸ್ಟರಿಯ ಮಾತು ಬಂದದ್ದರಿಂದ ಒಂದನ್ನು ಹೇಳದೆ ಇರಲಾರೆ. ಮಗಳ ಫೋನಿನ ಹಿಸ್ಟರಿ ನೋಡುವುದು ಹೇಗೆಂದು ಕಲಿಸಿಕೊಡಿ ಎಂದು ತಾಯಂದಿರು ನನ್ನ ಬಳಿ ಬರುತ್ತಾರೆ. ಮಗನ ಫೋನಿನದು ಬೇಕೆಂದು ಈವರೆಗೆ ಒಬ್ಬರೂ ಬಂದಿಲ್ಲ. ಕಾವಲು ಬೇಕೆಂದರೆ ಇಬ್ಬರಿಗೂ ಇರಲಿ. ಅದಕ್ಕಿಂತ ಮೊದಲು ತಾಯಿ ತಾನೇ ಒಂದು ದಿನ ಬ್ರೌಸರ್ ತೆರೆದು, ತನಗೆ ಬೇಕಾದ ಒಂದು ವಿಷಯ ಹುಡುಕಿ, ಅದನ್ನು ಮಕ್ಕಳಿಗೆ ತೋರಿಸಲಿ. ಏನೂ ಗೊತ್ತಿಲ್ಲದ ತಾಯಿಯ ಕಣ್ಣು ತಪ್ಪಿಸುವುದು ಮಕ್ಕಳಿಗೆ ಸುಲಭ. ತನ್ನಷ್ಟೇ ಬಲ್ಲವಳೊಂದಿಗೆ ಮಾತಾಡುವುದು ಅವರಿಗೇ ಇಷ್ಟವಾಗುತ್ತದೆ. ಅಕ್ಷರ ಸಣ್ಣದಾಗಿ ಕಾಣುವವರು ಸೆಟ್ಟಿಂಗ್ಸ್‌ನಲ್ಲಿ ಅಕ್ಷರದ ಗಾತ್ರ ಹೆಚ್ಚಿಸಿಕೊಳ್ಳಬಹುದು. ನಲ್ವತ್ತು ದಾಟಿದವರಿಗೆ ಇದು ಕನ್ನಡಕಕ್ಕಿಂತ ಅಗ್ಗ!

ಸೊಂಟನೋವಿನ ಪ್ರಶ್ನೆ

ಎರಡನೆಯದು ಶರೀರ. ಮಂಡಿ ಹಿಡಿದುಕೊಂಡು ಏಳುವುದು, ಗೋಡೆ ಹಿಡಿದು ಮೆಟ್ಟಿಲಿಳಿಯುವುದು ನಮ್ಮಲ್ಲಿ ನಲ್ವತ್ತಕ್ಕೇ ಶುರು. ನನ್ನ ಓರಗೆಯ ಒಬ್ಬ ಸಹೋದರಿಗೆ ಸೊಂಟನೋವಿಗಾಗಿ ಡಾಕ್ಟರು ಕೆಲವು ಯೋಗಾಸನಗಳನ್ನು ಬರೆದುಕೊಟ್ಟರು. ಮನೆಯಲ್ಲಿ ಗದ್ದಲವಾಯಿತು. “ಅದು ನಮ್ಮದಲ್ಲ” ಎಂದರು ಗಂಡ. ಆಕೆ ಚೀಟಿ ಮಡಚಿ ಕುರ್‌ಆನ್ ಇಡುವ ಕಪಾಟಿನ ಕೆಳಖಾನೆಯಲ್ಲಿಟ್ಟು ನೋವು ನುಂಗಿಕೊಂಡರು. ಒಂದೂವರೆ ವರ್ಷ. ಈ ಒಂದೂವರೆ ವರ್ಷದಲ್ಲಿ ನೋವಿನ ಮಾತ್ರೆಗಳಿಗೆ ಯಾರೂ ಆಕ್ಷೇಪವೆತ್ತಲಿಲ್ಲ.

ಇದು ಸೂಕ್ಷ್ಮ ವಿಷಯ, ಹಗುರವಾಗಿ ಮಾತಾಡಲಾರೆ. ಯೋಗದ ಹುಟ್ಟು ಬೇರೆ ಧರ್ಮದ ಪರಂಪರೆಯಲ್ಲಿ. ಕೆಲವೆಡೆ ಮಂತ್ರ, ನಮನಗಳೊಂದಿಗೇ ಅದನ್ನು ಕಲಿಸುತ್ತಾರೆ. ಮುಸ್ಲಿಮ್ ಜಗತ್ತಿನಲ್ಲಿಯೇ ಇದರ ಬಗ್ಗೆ ಚರ್ಚೆ ನಡೆದಿದೆ. 2008ರಲ್ಲಿ ಮಲೇಷ್ಯಾದ ಫತ್ವಾ ಮಂಡಳಿ ಯೋಗ ಸಲ್ಲದೆಂದಿತು. ಮಂತ್ರ ಪಠಣವಿಲ್ಲದ ಕೇವಲ ವ್ಯಾಯಾಮಕ್ಕೆ ಅಡ್ಡಿಯಿಲ್ಲ ಎಂದು ಅಲ್ಲಿನ ಪ್ರಧಾನಿ ಸ್ಪಷ್ಟಪಡಿಸಬೇಕಾಯಿತು. ಮರುವರ್ಷ ಇಂಡೊನೇಷ್ಯಾದ ಉಲೆಮಾ ಮಂಡಳಿಯೂ ಮಂತ್ರ, ಪೂಜೆಗಳ ಅಂಶವಿರುವುದನ್ನು ಮಾತ್ರ ನಿಷೇಧಿಸಿತು. 2017ರ ನವೆಂಬರ್‌ನಲ್ಲಿ ಸೌದಿ ಅರೇಬಿಯಾ ಯೋಗವನ್ನು ಒಂದು ಕ್ರೀಡಾ ಚಟುವಟಿಕೆಯೆಂದು ಅಂಗೀಕರಿಸಿತು. ಅದಕ್ಕಾಗಿ ಶ್ರಮಿಸಿದವರು ನೌಫ್ ಮರ್ವಾಯಿ ಎಂಬ ಸೌದಿ ಮಹಿಳೆ. ಬಾಲ್ಯದಿಂದ ಕಾಯಿಲೆಯಿಂದ ನರಳಿದ ಅವರಿಗೆ ಭಾರತ ಸರಕಾರ 2018ರಲ್ಲಿ ಪದ್ಮಶ್ರೀ ನೀಡಿತು.

ಆದರೆ ನಮ್ಮ ಹಿರಿಯರು ಈ ವಿದ್ಯೆಯನ್ನು ಮೊದಲು ಕಂಡದ್ದು ಇಪ್ಪತ್ತೊಂದನೆಯ ಶತಮಾನದಲ್ಲಲ್ಲ. ಮದ್ರಸದಲ್ಲಿ ನಾವು ಹೆಸರು ಕೇಳಿದ್ದ ಅಲ್ ಬೀರೂನಿ, ಸುಮಾರು ಸಾವಿರ ವರ್ಷಗಳ ಹಿಂದೆಯೇ ಪತಂಜಲಿಯ ಯೋಗಸೂತ್ರವನ್ನು ಅರಬಿ ಭಾಷೆಗೆ ತಂದರು. ಹದಿನಾರನೆಯ ಶತಮಾನದಲ್ಲಿ ಗ್ವಾಲಿಯರ್‌ನ ಸೂಫಿ ಶೈಖ್ ಮುಹಮ್ಮದ್ ಗೌಸ್ ಯೋಗದ ಒಂದು ಗ್ರಂಥವನ್ನು ‘ಬಹ್ರುಲ್ ಹಯಾತ್’ ಎಂಬ ಹೆಸರಿನಲ್ಲಿ ಪಾರಸಿಗೆ ತಂದರು. 1600ರ ಆಸುಪಾಸಿನಲ್ಲಿ, ಮುಂದೆ ಜಹಾಂಗೀರ್ ಆದ ಸಲೀಮ್ ರಾಜಕುಮಾರನಿಗಾಗಿ ಅಲಹಾಬಾದಿನಲ್ಲಿ ಅದರ ಸಚಿತ್ರ ಪ್ರತಿ ಸಿದ್ಧವಾಯಿತು. ಒಂದೊಂದು ಆಸನಕ್ಕೂ ಒಂದೊಂದು ವರ್ಣಚಿತ್ರ. ಆ ಪ್ರತಿ ಈಗ ಐರ್ಲೆಂಡಿನ ಡಬ್ಲಿನ್‌ನಲ್ಲಿರುವ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಇವರಾರೂ ತಮ್ಮ ದೀನ್ ಬಿಟ್ಟವರಲ್ಲ. ಇನ್ನೊಬ್ಬರ ಬಳಿ ಇರುವ ವಿದ್ಯೆಯನ್ನು ಓದಿ ನೋಡಿ, ತಮಗೆ ಬೇಕಾದ್ದನ್ನು ತೆಗೆದುಕೊಂಡವರು.

ಅದೇ ಹೊತ್ತಿಗೆ ಇನ್ನೊಂದು ಮಾತು. “ನಾವು ಐದು ಹೊತ್ತು ನಮಾಝ್ ಮಾಡುತ್ತೇವೆ, ಅದೇ ನಮ್ಮ ಯೋಗ” ಎಂದು ಹೆಮ್ಮೆಯಿಂದ ಹೇಳುವವರಿದ್ದಾರೆ. ನನಗೆ ಈ ಮಾತು ಹಿಡಿಸುವುದಿಲ್ಲ. ನಮಾಝ್ ಇಬಾದತ್, ಅದನ್ನು ಸೊಂಟದ ಔಷಧಿಯ ಮಟ್ಟಕ್ಕೆ ಇಳಿಸಬಾರದು. ಸೊಂಟಕ್ಕೆ ಬೇಕಾದ್ದನ್ನು ಸೊಂಟಕ್ಕೆ ಕೊಡಬೇಕು. ಮಂಡಿನೋವಿನಿಂದ ಕುರ್ಚಿಯ ಮೇಲೆ ಕುಳಿತು ನಮಾಝ್ ಮಾಡುವ ಸಹೋದರಿಯರ ಸಾಲು ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಿರುವುದನ್ನು ನೋಡುತ್ತಿದ್ದೇನೆ. ಅವರು ಮತ್ತೆ ನೆಲದ ಮೇಲೆ ಸುಜೂದ್ ಮಾಡುವಂತಾಗಲು ದಿನಕ್ಕೆ ಇಪ್ಪತ್ತು ನಿಮಿಷ ಕೈಕಾಲು ಚಾಚಿದರೆ ಅದರಲ್ಲಿ ಬೇಡವೆನ್ನುವುದೇನಿದೆ?

ಕುರ್ಚಿಯೆಂದಾಗ ನೆನಪಾಗುತ್ತದೆ. ಜಗತ್ಪ್ರಸಿದ್ಧ ಬಿ.ಕೆ.ಎಸ್. ಅಯ್ಯಂಗಾರ್ ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನವರು, ಹುಟ್ಟಿದ್ದು 1918ರಲ್ಲಿ. ಬಾಲ್ಯದಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲವನ್ನೂ ಕಂಡ ಕೃಶ ಹುಡುಗ. ಮೈಸೂರಿನಲ್ಲಿ ಅಕ್ಕನ ಗಂಡ ಕೃಷ್ಣಮಾಚಾರ್ಯರ ಬಳಿ ಕಲಿತರು. ಬಗ್ಗದ ಮೈಗೆ ಕುರ್ಚಿ, ಮರದ ತುಂಡು, ಪಟ್ಟಿ, ಹಗ್ಗ, ದಿಂಬುಗಳ ಆಸರೆ ಕೊಟ್ಟು ಆಸನ ಮಾಡಿಸುವ ರೀತಿಯನ್ನು ಬೆಳೆಸಿದವರು ಅವರೇ. ನಮ್ಮಂಥವರಿಗೆ ಇದು ಬಹಳ ಉಪಯೋಗದ್ದು. ನೆಲದ ಮೇಲೆ ಕುಳಿತರೆ ಏಳಲಾಗದವರು ಕುರ್ಚಿಯ ಮೇಲೆ ಕುಳಿತೇ ಬೆನ್ನು ತಿರುಗಿಸಬಹುದು, ಗೋಡೆಗೆ ಅಂಗೈ ಊರಿ ಬೆನ್ನು ಚಾಚಬಹುದು. ರಕ್ತದೊತ್ತಡ ಇರುವವರು, ಗರ್ಭಿಣಿಯರು, ಆಪರೇಷನ್ ಆದವರು ಡಾಕ್ಟರನ್ನು ಕೇಳದೆ ಶುರುಮಾಡಬಾರದು. ವೀಡಿಯೊ ನೋಡಿ ತಲೆ ಕೆಳಗೆ ಮಾಡಿ ನಿಲ್ಲುವ ಸಾಹಸವಂತೂ ಬೇಡವೇ ಬೇಡ.

ಆ ಸಹೋದರಿ ಈಗ ಹೆಣ್ಣುಮಕ್ಕಳೇ ಇರುವ ಒಂದು ಮನೆಯ ಮೇಲ್ಮಾಳಿಗೆಯಲ್ಲಿ, ಫಜ್ರ್ ನಮಾಝ್‌ನ ನಂತರ, ಇನ್ನೂ ನಾಲ್ವರೊಂದಿಗೆ ಕಲಿಯುತ್ತಿದ್ದಾರೆ. ಮಂತ್ರವಿಲ್ಲ. ಕಲಿಸುವ ನಿವೃತ್ತ ನರ್ಸ್ ಒಂದು, ಎರಡು, ಮೂರು ಎಂದು ಕನ್ನಡದಲ್ಲಿ ಎಣಿಸುತ್ತಾರೆ. ಗಂಡನ ಮನಸ್ಸು ಬದಲಾದದ್ದು ನನ್ನ ವಾದದಿಂದಲ್ಲ. ಹೆಂಡತಿ ಒಂದು ದಿನ ನೀರಿನ ಕೊಡವನ್ನು ತಾನೇ ಎತ್ತಿದ್ದನ್ನು ನೋಡಿ.

ಮನೆಯ ಹಿತ್ತಿಲಲ್ಲೇ ಇತಿಹಾಸ

ನನ್ನ ಊರು ವಿಜಾಪುರ, 2014ರ ನವೆಂಬರ್ ಒಂದರಿಂದ ಸರಕಾರಿ ದಾಖಲೆಗಳಲ್ಲಿ ವಿಜಯಪುರ. ದೂರದೂರದಿಂದ ಜನ ಗೋಲ ಗುಮ್ಮಟ ನೋಡಲು ಬರುತ್ತಾರೆ. ಅದರ ನೆರಳಿನಲ್ಲಿಯೇ ಬಟ್ಟೆ ಒಣಗಿಸುವ ನಮ್ಮ ಓಣಿಯ ಹೆಂಗಸರಲ್ಲಿ ಮೇಲೆ ಹತ್ತಿದವರು ಎಷ್ಟು ಮಂದಿ? ಮದುವೆಯಾಗಿ ಬಂದು ಮೂವತ್ತು ವರ್ಷವಾದರೂ ಒಳಗೆ ಕಾಲಿಡದವರಿದ್ದಾರೆ. “ಎಲ್ಲಿ ಹೋಗ್ತದ ಆಪಾ, ಅಲ್ಲೇ ಇರ್ತದಲ್ಲ” ಎನ್ನುತ್ತಾರೆ.

ಊರಿನ ಕಟ್ಟಡಗಳನ್ನು ಹವ್ಯಾಸವಾಗಿ ಹಿಡಿದು ನೋಡತೊಡಗಿದ ಮೇಲೆ ನನಗೆ ಒಂದು ಸಂಗತಿ ಎದ್ದು ಕಂಡಿತು. ಇಲ್ಲಿ ಗುಮ್ಮಟ, ತೋಪು, ಬುರುಜುಗಳಿಗೆ ಗಂಡಸರ ಕಥೆಗಳು. ನೀರಿಗೆ ಮಾತ್ರ ಹೆಣ್ಣಿನ ಹೆಸರು. 1579ರಲ್ಲಿ ಕಟ್ಟಿದ ಚಾಂದ್ ಬಾವಡಿಗೆ ಚಾಂದ್ ಬೀಬಿಯ ಹೆಸರು. 1620ರ ತಾಜ್ ಬಾವಡಿಗೆ ಎರಡನೇ ಇಬ್ರಾಹೀಮ್ ಆದಿಲ್ ಶಾಹಿಯ ಪತ್ನಿ ತಾಜ್ ಸುಲ್ತಾನಾಳ ಹೆಸರು. 1651ರಲ್ಲಿ ಮುಹಮ್ಮದ್ ಆದಿಲ್ ಶಾಹಿ ಕಟ್ಟಿಸಿದ ಕೆರೆ ಬೇಗಂ ತಾಲಾಬ್. ಆ ಕೆರೆಯಿಂದ ಊರಿಗೆ ನೆಲದಡಿಯಲ್ಲಿ ಮಣ್ಣಿನ ಕೊಳವೆಗಳನ್ನು ಹಾಸಿ, ಸುತ್ತ ಗಾರೆ ಕಟ್ಟಿ ನೀರು ತಂದರು. ನೀರಿನ ಒತ್ತಡಕ್ಕೆ ಕೊಳವೆ ಒಡೆಯಬಾರದೆಂದು ನಡುನಡುವೆ ಎತ್ತರದ ಗೋಪುರಗಳನ್ನು ನಿಲ್ಲಿಸಿದರು. ‘ಗಂಜ್’ ಎಂದು ಕರೆಯುವ ಆ ಗೋಪುರಗಳನ್ನು ನಮ್ಮವರು ಏನೋ ಹಳೇ ಕಂಬ ಎಂದುಕೊಂಡು ಪಕ್ಕದಲ್ಲೇ ಎಮ್ಮೆ ಕಟ್ಟುತ್ತಾರೆ. ಮಳೆ ಕಡಿಮೆಯ ಈ ನಾಡಿನಲ್ಲಿ ಕೊಡ ಹಿಡಿದು ಸಾಲಿನಲ್ಲಿ ನಿಂತ ಹೆಂಗಸಿಗೆ ಆ ಕಂಬದ ಅರ್ಥ ಗೊತ್ತಾದರೆ ಅದನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ.

ಇಬ್ರಾಹೀಮ್ ರೋಜಾದ ಕಥೆಯೂ ಹೀಗೆಯೇ. ವಾಸ್ತುಶಿಲ್ಪಿ ಮಲಿಕ್ ಸಂದಲ್ ಅದನ್ನು ಆರಂಭಿಸಿದ್ದು ತಾಜ್ ಸುಲ್ತಾನಾಳ ಸಮಾಧಿಗಾಗಿ. ಆದರೆ ಸುಲ್ತಾನನೇ ಮೊದಲು ತೀರಿಕೊಂಡು ಅಲ್ಲಿ ಮಲಗಿದ್ದರಿಂದ ಊರವರ ಬಾಯಲ್ಲಿ ಅವನ ಹೆಸರು ಉಳಿಯಿತು. ಗೋಡೆಯ ಕಲ್ಲಿನ ಬರಹದಲ್ಲಿ ಮಾತ್ರ ಆಕೆಯ ಹೆಸರಿದೆ. ಕಿಟಕಿಗಳ ಜಾಲಂಧ್ರಗಳಲ್ಲಿ ಬಿಡಿಬಿಡಿಯಾಗಿ ಕೆತ್ತಿದ ಅರಬಿ ಅಕ್ಷರಗಳನ್ನು ಬೆಳಕು ಬೀಳುವ ಹೊತ್ತಿನಲ್ಲಿ ನೋಡಬೇಕು. ಅಕ್ಷರ ಬಲ್ಲ ನಮ್ಮ ಮದ್ರಸದ ಹುಡುಗಿಯರು ಅಲ್ಲಿ ನಿಂತು ಒಂದೊಂದೇ ಪದ ಬಿಡಿಸಿ ಓದುತ್ತಾರೆ. ಗೈಡ್‌ಗಳೂ ನಿಂತು ಕೇಳುತ್ತಾರೆ!

ಇನ್ನು ಗೋಲ ಗುಮ್ಮಟ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹಿಯ ಸಮಾಧಿ. ದಾಬೂಲಿನ ಯಾಕೂತ್ ಎಂಬ ಶಿಲ್ಪಿಯ ಕೆಲಸ. ಗುಮ್ಮಟದ ಒಳ ಅಡ್ಡಳತೆ ಸುಮಾರು 38 ಮೀಟರ್. ನಡುವೆ ಒಂದೂ ಕಂಬವಿಲ್ಲ. ಚೌಕದ ಕೋಣೆಯ ಮೇಲೆ ದುಂಡನೆಯ ಗುಮ್ಮಟ ಕೂರಬೇಕಲ್ಲ, ಅದಕ್ಕಾಗಿ ಒಂದನ್ನೊಂದು ಹಾಯ್ದು ಹೋಗುವ ಕಮಾನುಗಳನ್ನು ಹೆಣೆದಿದ್ದಾರೆ. ತಲೆಯೆತ್ತಿ ನೋಡಿದರೆ ನಕ್ಷತ್ರದಂತೆ ಕಾಣುತ್ತದೆ. ಪ್ರತಿಧ್ವನಿ ಏಳು ಬಾರಿ ಎಂದು ಕೆಲವರು, ಹತ್ತು ಬಾರಿ ಎಂದು ಕೆಲವರು ವಾದಿಸುತ್ತಾರೆ. ಎಣಿಕೆಗಿಂತ ಕಾರಣ ಸ್ವಾರಸ್ಯಕರ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಎದುರು ಗೋಡೆಗೆ ಹೋಗಿ ಮರಳಲು, ಅಂದರೆ 76 ಮೀಟರ್ ದಾಟಲು, ಅದಕ್ಕೆ ಸೆಕೆಂಡಿನ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಹೊತ್ತು ಬೇಕು. ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಅಂತರವಿದ್ದರೆ ನಮ್ಮ ಕಿವಿ ಎರಡು ಶಬ್ದಗಳನ್ನು ಬೇರೆಬೇರೆಯಾಗಿ ಹಿಡಿಯುತ್ತದೆ. ಆದ್ದರಿಂದಲೇ ಒಂದೇ ಚಪ್ಪಾಳೆ ಹೋಗಿ ಬಂದು, ಮತ್ತೆ ಹೋಗಿ ಬಂದು, ಬಿಡಿಬಿಡಿಯಾಗಿ ಕೇಳುತ್ತದೆ. ಇನ್ನು ಗೋಡೆಗೆ ಬಾಯಿ ಹತ್ತಿರ ತಂದು ಪಿಸುಗುಟ್ಟಿದರೆ ಶಬ್ದ ಚದರಿ ಹೋಗದೆ ದುಂಡು ಗೋಡೆಯನ್ನೇ ಅಪ್ಪಿಕೊಂಡು ಸಾಗಿ ಎದುರು ಬದಿ ಮುಟ್ಟುತ್ತದೆ. ಆದರೆ ಇದೆಲ್ಲ ಕೇಳಬೇಕಾದರೆ ಬೆಳಿಗ್ಗೆ ಬೇಗ ಹೋಗಬೇಕು. ಪ್ರವಾಸದ ಬಸ್ಸುಗಳು ಬಂದು ಮಕ್ಕಳು ಕೂಗತೊಡಗಿದ ಮೇಲೆ ಅಲ್ಲಿ ಗದ್ದಲ ಬಿಟ್ಟು ಏನೂ ಇರುವುದಿಲ್ಲ.

ಕಳೆದ ಚಳಿಗಾಲದಲ್ಲಿ ನಮ್ಮ ಓಣಿಯ ಒಂಬತ್ತು ಮಂದಿ ಹೊರಟೆವು. ಮೂಲೆಯ ಗೋಪುರದ ಮೆಟ್ಟಿಲುಗಳು ಎತ್ತರ, ಇಕ್ಕಟ್ಟು, ಸುತ್ತಿ ಸುತ್ತಿ ಏಳು ಅಂತಸ್ತು ಹತ್ತಬೇಕು. ಬುರ್ಖಾದ ಅಂಚು ಕೈಯಲ್ಲಿ ಹಿಡಿದು, ಒಂದೊಂದು ಅಂತಸ್ತಿನ ಕಿಂಡಿಯ ಬಳಿ ಕುಳಿತು, ತಂದಿದ್ದ ನೀರು ಕುಡಿದು ಹತ್ತಿದೆವು. ಸೊಂಟನೋವಿನ ಸಹೋದರಿ ಎಲ್ಲರಿಗಿಂತ ಮುಂದೆ. ಮೇಲೆ ತಲುಪಿದಾಗ ನಮ್ಮ ಹೊರತು ಯಾರೂ ಇರಲಿಲ್ಲ. ಐವತ್ತೆಂಟರ ಒಬ್ಬರು ಊರಿನ ಮಹಡಿಗಳ ನಡುವೆ ತಮ್ಮ ಮನೆಯ ನೀರಿನ ಟ್ಯಾಂಕನ್ನು ಹುಡುಕಿ ತೋರಿಸಿದರು. ಆಮೇಲೆ ಒಳಗಿನ ಗ್ಯಾಲರಿಗೆ ಬಂದು ಗೋಡೆಗೆ ಒರಗಿ ಕುಳಿತವರೇ, ಯಾರಿಗೋ ಅಲ್ಲ, ತಮಗೆ ತಾವೇ ಮೆಲ್ಲಗೆ ಅಂದುಕೊಂಡರು:

“ಗ್ಯಾಸ್ ಬಂದ್ ಮಾಡಿ ಬಂದೆನೋ ಇಲ್ಲೋ...”

ಮೂವತ್ತೆಂಟು ಮೀಟರ್ ಆಚೆ, ಎದುರು ಗೋಡೆಯ ಬಳಿ ಕುಳಿತಿದ್ದ ಅವರ ನಾದಿನಿಯ ಉತ್ತರ ಗೋಡೆಯೊಳಗಿಂದಲೇ ಬಂದಂತೆ ಕಿವಿಗೆ ಬಿತ್ತು:

“ನಾ ಬಂದ್ ಮಾಡೀನಿ ಭಾಭಿ, ನೀವು ಸುಮ್ಮನ ಕೂಡ್ರಿ.”